ಪಿಯಾನೊ ಹಿಡಿದು ಎಂಟು ಹಾಡು ಮಾಡಿದ್ದೇನೆ, ಇದನ್ನು ಯಾವ ಖಾನೆಗೆ ಹಾಕಲಿ?

ಬೈತಖೋಲದ_ಅಕ್ಕೋರು | ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಕಾರವಾರದಲ್ಲಿ ಶಾಲೆಯಲ್ಲಿ ಕಲಿಸುತ್ತೇನೆ. ರಾತ್ರಿ ಪಿಯಾನೊ ಮುಂದೆ ಕೂತು ಹಾಡು ಕಟ್ಟುತ್ತೇನೆ. ಮೂರು ವರ್ಷದಲ್ಲಿ ಕಟ್ಟಿದ್ದರಲ್ಲಿ ಎಂಟನ್ನು ಆರಿಸಿ ಒಂದು ಆಲ್ಬಂ ಮಾಡಿದ್ದೇನೆ. ಹಿಂದೆ ಕಂಪನಿ ಇಲ್ಲ, ದುಡ್ಡು ಹಾಕಿದವರಿಲ್ಲ. ನಾನು, ಪಿಯಾನೊ, ಎರಡು ಮೈಕು, ತಮ್ಮನ ಲ್ಯಾಪ್‌ಟಾಪು ಅಷ್ಟೇ.

ನಿನ್ನೆ ಹಾಡು ಏರಿಸಲು ಕೂತೆ. ಅಲ್ಲೊಂದು ಫಾರಂ. ಹಾಡಿದವರು, ಬರೆದವರು, ಭಾಷೆ, ಎಲ್ಲಾ ತುಂಬಿದೆ. ಆಮೇಲೆ 'ಜಾನರ್' ಅಂತ ಒಂದು ಪಟ್ಟಿ ಬಂತು. ಒಂದನ್ನು ಮಾತ್ರ ಒತ್ತಬೇಕು. ಪಾಪ್, ಜಾಝ್, ಕ್ಲಾಸಿಕಲ್, ಜಾನಪದ, ಭಕ್ತಿಗೀತೆ... ಕಾಲು ಗಂಟೆ ಪಟ್ಟಿಯನ್ನು ಮೇಲೆ ಕೆಳಗೆ ಎಳೆದಾಡಿದೆ. ಕೊನೆಗೆ ಮುಚ್ಚಿಟ್ಟು ಊಟ ಮಾಡಿದೆ.

ಒಳಗೆ ಏನೇನಿದೆ ಹೇಳುತ್ತೇನೆ. ಮೊದಲ ಎರಡು ಬರೀ ಪಿಯಾನೊ ಮತ್ತು ದನಿ. ಮೂರನೆಯದು ಏಳು ಅಕ್ಷರದ ತ್ರಿವುಡೆ ತಾಳ, ಜೊತೆಗೆ ಯಕ್ಷಗಾನದ ಚಂಡೆ. ನಾಲ್ಕನೆಯದರಲ್ಲಿ ಎಡಗೈ ಬ್ಲೂಸ್, ದನಿ ಜೋಗ್ ರಾಗ. ಜೋಗ್‌ನಲ್ಲಿ ಎರಡೂ ಗಾಂಧಾರ, ಅಂದರೆ ಮೇಲಿನ 'ಗ', ಕೆಳಗಿನ 'ಗ', ಬರುತ್ತವೆ, ಬ್ಲೂಸ್‌ನಲ್ಲೂ ಹಾಗೇ. ಅದಕ್ಕೇ ಇಬ್ಬರನ್ನೂ ಒಂದೇ ಮಣೆಯಲ್ಲಿ ಕೂರಿಸಿದೆ. ಐದನೆಯದು ಗೋವೆಯ ನಿಧಾನದ ಹಾಡು ಮಾಂಡೊ, ಅದರ ನಡೆ, ಪಲ್ಲವಿ ಕೊಂಕಣಿ. ಆರನೆಯದರಲ್ಲಿ ತರಕಾರಿ ಮಾರಲು ಬರುವ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಹಾಡಿದ 40 ಸೆಕೆಂಡು, ಕೆಳಗೆ ನನ್ನ ಪಿಯಾನೊ. ಏಳನೆಯದು ಮಳೆ. ಎಂಟನೆಯದು ತಂಬೂರಿ ಜೊತೆ.

ಕಚ್ಚಾ ಮಿಕ್ಸ್ ಕೇಳಲು ಇಟ್ಟಿದ್ದೇನೆ. ಮುಲಾಜಿಲ್ಲದೆ ಹೇಳಿ.

ಅಪ್ಪೆಮಿಡಿ | ಶನಿವಾರ ರಾತ್ರಿ

ಇದಕ್ಕೆ ನಮ್ಮ ಕಡೆ ಕಲಸುಮೇಲೋಗರ ಅಂತಾರೆ ಅಕ್ಕೋರೇ. ಪಟ್ಟಿಯಲ್ಲಿ ಅದು ಇದೆಯೋ ನೋಡಿ.

(ನಾಲ್ಕನೇ ಹಾಡು ಮೂರು ಸಲ ಕೇಳಿದೆ. ತಮಾಷೆಗೆ ಹೇಳಿದ್ದು.)

ಕಪ್ಪು_ಮೂರು | ಭಾನುವಾರ ಬೆಳಿಗ್ಗೆ

ಮುಲಾಜಿಲ್ಲದೆ ಅಂದಿದ್ದೀರಿ, ಹಾಗಾಗಿ ಹೇಳುತ್ತೇನೆ. ನಾನು ಹೊನ್ನಾವರದವನು, ಸಣ್ಣವನಿದ್ದಾಗಿಂದ ಯಕ್ಷಗಾನದ ಆಟ ನೋಡಿ ಬೆಳೆದವನು. ಮೂರನೇ ಹಾಡು ನನಗೆ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಆಯಿತು.

ಚಂಡೆ ಅಂದರೆ ಬರೀ ಸದ್ದು ಅಲ್ಲ ಮಾರಾಯ್ರೆ. ಅದನ್ನು ಹಾಡುವ ಭಾಗವತರ ಶ್ರುತಿಗೆ, ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಗೆ ಕೂರಿಸುತ್ತಾರೆ. ಹಾರ್ಮೋನಿಯಂ ಮನೆಗಳ (ಕೀಲಿಗಳ) ಲೆಕ್ಕದಲ್ಲಿ ನಿಮ್ಮ ಹಾಡು ಇರುವುದು ಬಿಳಿ ಐದರಲ್ಲಿ, ಅಂದರೆ ಐದನೇ ಬಿಳಿ ಮನೆಯಲ್ಲಿ. ಚಂಡೆ ಕಪ್ಪು ಮೂರಕ್ಕೆ ಕಟ್ಟಿದ್ದು. ಅರ್ಧ ಮನೆ ಕೆಳಗೆ. ಕೇಳಿದ ತಕ್ಷಣ ಗೊತ್ತಾಯಿತು, ನನ್ನ ಹೆಸರೇ ಅದು ನೋಡಿ.

ಅದನ್ನು ಸರಿ ಮಾಡಬಹುದು. ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ಪಿಯಾನೊ ಸಾಲಿಗೆ ನಾಲ್ಕು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಬದಲಿಸುತ್ತದೆ. ಚಂಡೆ ಪಾಪ ಅದೇ ಷಡ್ಜದಲ್ಲಿ ನಿಂತಿದೆ. ನೀವು ಎಲ್ಲಿಗೋ ಹೊರಟಿದ್ದೀರಿ, ಅದು ಬಸ್ ಸ್ಟ್ಯಾಂಡಿನಲ್ಲೇ ಉಳಿದಿದೆ. ಕೊನೆಯಲ್ಲಿ ಬಿರುಸಿನ ಏರುಪದದ ಹಾಗೆ ಏರಬೇಕಾದ ಜಾಗದಲ್ಲಿ ಪೆಡಲ್ ಒತ್ತಿ ಹಿಡಿದಿದ್ದೀರಿ. ಆ ಗುಂಯ್ ಅನ್ನುವ ಗುಂಗಿನಲ್ಲಿ ಚಂಡೆಯ ಬಿಡ್ತಿಗೆ, ಅಂದರೆ ಆ ಪೆಟ್ಟುಗಳ ಸಾಲು, ಪೂರ್ತಿ ಮುಳುಗಿದೆ. ಬಾರಿಸಿದವರು ಒಳ್ಳೆಯ ಕೈ, ಅದು ಕೇಳುವುದೇ ಇಲ್ಲ.

ಬೈತಖೋಲದ_ಅಕ್ಕೋರು

ಶ್ರುತಿಯ ವಿಷಯ ನೂರಕ್ಕೆ ನೂರು ನಿಜ. ಬಾರಿಸಿದ್ದು ನನ್ನ ಮಾವನ ಮಗ. ಆಟ ಮುಗಿದ ಮೇಲೆ ಚೌಕಿಯಲ್ಲೇ, ಬಣ್ಣ ಹಚ್ಚುವ ಜಾಗದಲ್ಲೇ, ರೆಕಾರ್ಡ್ ಮಾಡಿದ್ದು, ಮೇಳದ ಶ್ರುತಿ ಹಾಗೇ ಉಳಿದಿತ್ತು. ಪಿಯಾನೊ ಆಮೇಲೆ ಸೇರಿಸಿದೆ. ಇವತ್ತು ಇಡೀ ಹಾಡನ್ನು ಅರ್ಧ ಮನೆ ಇಳಿಸಿ ನುಡಿಸಿ ನೋಡಿದೆ. ನನ್ನ ದನಿಗೂ ಅದೇ ಆರಾಮ ಅಂತ ಗೊತ್ತಾಯಿತು!

ಕಾರ್ಡ್ ವಿಷಯ ಯೋಚಿಸುತ್ತೇನೆ. ಎಡಗೈ ಅಲ್ಲಾಡದೆ ಷಡ್ಜ ಪಂಚಮ (ಸ, ಪ) ಮಾತ್ರ ಹಿಡಿದು, ಬಲಗೈ ಮಾತ್ರ ತಿರುಗಾಡಿದರೆ ಹೇಗೆ?

ಕಪ್ಪು_ಮೂರು

ಅಡ್ಡಿಲ್ಲ. ಪೆಡಲ್ ಬಿಡಿ ಮೊದಲು.

ಶಿರಸಿ_ತಂಬೂರಿ | ಭಾನುವಾರ ಮಧ್ಯಾಹ್ನ

ತಂಗಿ, ಎಂಟನೇ ಹಾಡಿನ ಬಗ್ಗೆ. ನಾನು ಹಿಂದೂಸ್ತಾನಿ ಕಲಿತವಳು, ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತೇನೆ. ಪಿಯಾನೊ ಬಗ್ಗೆ ನನಗೆ ಸಿಟ್ಟೇನೂ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ತಂಬೂರಿಯ ಷಡ್ಜ ಮೀಟಿ ಸುಮ್ನೆ ಕಿವಿ ಕೊಡು. ಒಳಗಿಂದ ಗಾಂಧಾರ ತಾನಾಗಿ ಬರುತ್ತದೆ. ಯಾರೂ ನುಡಿಸದೆ ಕೇಳುವ ಗಾಂಧಾರ ಅದು. ಪಿಯಾನೊದ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಮೇಲೆ ಇರುತ್ತದೆ. ಒಂದು ಅರ್ಧಸ್ವರವನ್ನು 100 ಸೆಂಟ್ ಅಂತ ಲೆಕ್ಕ ಹಾಕಿದರೆ, ಏಳರಲ್ಲಿ ಒಂದು ಭಾಗ. ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿದ್ದರಿಂದ ಹಾಗೆ. ಯಾವ ಮನೆಯಿಂದ ಬೇಕಾದರೂ ಶುರು ಮಾಡಬಹುದು ಅನ್ನುವ ಅನುಕೂಲಕ್ಕೆ ಅವರು ಗಾಂಧಾರವನ್ನು ಬಿಟ್ಟುಕೊಟ್ಟರು. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಅದು ಕಿವಿಗೆ ಬೀಳುವುದಿಲ್ಲ. ಗಾಂಧಾರ ಬೀಳುತ್ತದೆ. ನಿನ್ನ ಹಾಡಿನಲ್ಲಿ ಎಡಗೈ ಸ-ಗ-ಪ ಒತ್ತಿ ಹಿಡಿದಾಗಲೆಲ್ಲ ತಂಬೂರಿಯ ಗಾಂಧಾರ, ಪಿಯಾನೊದ ಗಾಂಧಾರ ಎರಡೂ ಪಕ್ಕಪಕ್ಕ ನಿಂತು ಜಗಳ ಆಡುತ್ತವೆ. ಅಲ್ಲೊಂದು ಅಲೆ ಕೇಳುತ್ತದೆ ನೋಡು, ವಂವ್ ವಂವ್ ಅಂತ. ನೀನು ಅದನ್ನು ಎಫೆಕ್ಟ್ ಅಂದುಕೊಂಡಿರಬಹುದು!

ಇದು ಹಳೆಯ ಜಗಳ. ಇದೇ ಕಾರಣ ಹೇಳಿ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಸಮ ಪಾಲಿನ ಸ್ವರ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಅಂತ. 1971ರವರೆಗೆ ಬಾಗಿಲು ತೆರೆಯಲಿಲ್ಲ.

ಅಪ್ಪೆಮಿಡಿ

ಈಗ ಹಾರ್ಮೋನಿಯಂ ಇಲ್ಲದೆ ಯಾವ ಕಛೇರಿ ನಡೆಯುತ್ತದೆ ಹೇಳಿ ನೋಡೋಣ. ಹತ್ತು ಹದಿನೈದು ವರ್ಷ ಕಳೆಯಲಿ, ಪಿಯಾನೊಗೂ ವೀಳ್ಯ ಕೊಡುತ್ತೀರಿ.

ಶಿರಸಿ_ತಂಬೂರಿ

ಕೊಡಬಾರದು ಅಂದೆನಾ? ಗಾಂಧಾರ ಹಿಡಿಯಬೇಡ ಅಂದೆ ಅಷ್ಟೇ.

ಸದಾಶಿವಗಡ_ಸೌಂಡು | ಭಾನುವಾರ ಸಂಜೆ

ಹಾರ್ಮೋನಿಯಂ ಮಾತು ಬಂದಿದ್ದಕ್ಕೆ ಒಂದು ಅಡ್ಡ ಮಾತು. ನಮ್ಮ ಕಾರವಾರದ ಕಡಲತೀರಕ್ಕೆ ಹೆಸರು ಕೊಟ್ಟ ಟಾಗೋರರಿಗೂ ಹಾರ್ಮೋನಿಯಂ ಆಗುತ್ತಿರಲಿಲ್ಲ. ಆದರೆ ಹುಡುಗನಾಗಿದ್ದಾಗ ಅವರು ಹಾಡು ಕಟ್ಟಲು ಕಲಿತದ್ದು ಪಿಯಾನೊ ಪಕ್ಕ ಕೂತು. ಅಣ್ಣ ಜ್ಯೋತಿರಿಂದ್ರನಾಥರು ಪಿಯಾನೊದಲ್ಲಿ ಹೊಸ ಹೊಸ ಧಾಟಿ ನುಡಿಸುವುದು, ಇವರು ಅದಕ್ಕೆ ಮಾತು ಕೂರಿಸುವುದು. 1883ರಲ್ಲಿ ಕಾರವಾರಕ್ಕೆ ಬಂದಾಗ 22 ವರ್ಷ. ಇಲ್ಲಿ ನ್ಯಾಯಾಧೀಶರಾಗಿದ್ದವರು ಇನ್ನೊಬ್ಬ ಅಣ್ಣ, ಸತ್ಯೇಂದ್ರನಾಥರು. ಅಂದರೆ ಅಕ್ಕೋರು ಮಾಡಿದ್ದು ಈ ಊರಿಗೆ ಅಂಥ ಹೊಸದೇನೂ ಅಲ್ಲ.

ಈಗ ನನ್ನ ಕಸುಬಿನ ಮಾತು. ಮೈಕ್ ಎರಡನ್ನೂ ಪಿಯಾನೊ ಹಿಂದೆ, ಗೋಡೆ ಕಡೆ ಇಟ್ಟಿದ್ದೀರಿ ಅಂತ ಅನುಮಾನ. ಕೆಳಗಿನ ಸ್ವರ ಡಬ್ಬದೊಳಗಿಂದ ಬಂದ ಹಾಗಿದೆ. ಪಿಯಾನೊವನ್ನು ಗೋಡೆಯಿಂದ ಎರಡು ಮೊಳ ಎಳೆಯಿರಿ, ಮೇಲಿನ ಮುಚ್ಚಳ ತೆಗೆಯಿರಿ, ಒಂದು ಮೈಕ್ ಮೇಲಿಂದ ಇಳಿಬಿಡಿ. ಏಳನೇ ಹಾಡಿನಲ್ಲಿ ಮಾತ್ರ ಏನನ್ನೂ ಮುಟ್ಟಬೇಡಿ. ಆ ಹತ್ತಿ ಸುತ್ತಿದ ಹಾಗಿರುವ ಸದ್ದು ಹೇಗೆ ಬಂತು?

ಬೈತಖೋಲದ_ಅಕ್ಕೋರು

ಗೋಡೆ ಕಡೆಗೇ ಇಟ್ಟಿದ್ದು. ಹೇಗೆ ಕಂಡುಹಿಡಿದಿರಿ?

ಏಳನೇ ಹಾಡಿನ ಸದ್ದು ಬೇಕು ಅಂತ ಮಾಡಿದ್ದಲ್ಲ. ರಾತ್ರಿ ಹನ್ನೊಂದು ಗಂಟೆ, ಒಳಗೆ ಅಮ್ಮ ಮಲಗಿದ್ದರು. ನಡುವಿನ ಪೆಡಲ್ ಒತ್ತಿ ಪಕ್ಕಕ್ಕೆ ಸರಿಸಿದರೆ ಸುತ್ತಿಗೆ ಮತ್ತು ತಂತಿಯ ನಡುವೆ ಫೆಲ್ಟ್ ಪಟ್ಟಿಯೊಂದು ಇಳಿಯುತ್ತದೆ. ಮನೆಯವರಿಗೆ ಕಿರಿಕಿರಿ ಆಗಬಾರದು ಅಂತಲೇ ಇಟ್ಟ ಏರ್ಪಾಡು ಅದು. ಫ್ಯಾನ್ ಸದ್ದು ಬರುತ್ತದೆ ಅಂತ ಆರಿಸಿದ್ದೆ. ಬೆವರು ಮನೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಹಿಂದಿನ ತಗಡಿನ ಮೇಲೆ ಮಳೆ ಶುರುವಾಯಿತು. ನಿಲ್ಲಿಸೋಣ ಅಂದುಕೊಂಡೆ, ನಿಲ್ಲಿಸಲಿಲ್ಲ. ಒಂದೇ ಸಲಕ್ಕೆ ಆದ ಹಾಡು ಅದೊಂದೇ. ಮೂರನೇ ನಿಮಿಷದ ಹತ್ತಿರ ಅಮ್ಮ ಕೆಮ್ಮಿದ್ದೂ ಇದೆ.

ಬಿರಡೆ_ತಿರುಗಿಸುವವ | ಸೋಮವಾರ

ನಾನು ಹುಟ್ಟಿದ್ದು ಕಾರವಾರ, ಇರುವುದು ಮಡಗಾಂವ್. ಪಿಯಾನೊ ಟ್ಯೂನ್ ಮಾಡುವುದು ಕೆಲಸ. ಹಾಡುಗಳ ಬಗ್ಗೆ ದೊಡ್ಡವರು ಮಾತಾಡಲಿ, ನಾನು ಪೆಟ್ಟಿಗೆಯ ಬಗ್ಗೆ ಹೇಳುತ್ತೇನೆ.

ಎರಡನೇ ಹಾಡು ರೆಕಾರ್ಡ್ ಆಗಿದ್ದು ಜನವರಿ ಆಚೀಚೆ, ಐದನೆಯದು ಜುಲೈ. ಸರಿಯಾ?

ಬೈತಖೋಲದ_ಅಕ್ಕೋರು

ಡಿಸೆಂಬರ್ ಕೊನೆ ಮತ್ತು ಜುಲೈ. ನೀವು ಮನುಷ್ಯರೋ ಏನು!

ಬಿರಡೆ_ತಿರುಗಿಸುವವ

ಕಿವಿ ಅಷ್ಟೇ. ಕೇಳಿ, ಪಿಯಾನೊದಲ್ಲಿ 88 ಮನೆ, ಆದರೆ ತಂತಿ 220-230ರ ಹತ್ತಿರ. ಮೇಲಿನ ಸ್ವರಗಳಿಗೆ ಒಂದೊಂದಕ್ಕೆ ಮೂರು ತಂತಿ ಇರುತ್ತದೆ. ಎಲ್ಲಾ ಸೇರಿ ಎಳೆತ 15ರಿಂದ 20 ಟನ್. ಆ ತಂತಿಗಳೆಲ್ಲ ಕೂತಿರುವುದು ತೆಳು ಮರದ ಹಲಗೆಯ ಮೇಲೆ. ಮಳೆಗಾಲದಲ್ಲಿ ಹಲಗೆ ನೀರು ಕುಡಿದು ಉಬ್ಬುತ್ತದೆ, ತಂತಿಯನ್ನು ಮೇಲಕ್ಕೆ ತಳ್ಳುತ್ತದೆ, ಶ್ರುತಿ ಏರುತ್ತದೆ. ಒಣ ಹವೆಯಲ್ಲಿ ಇಳಿಯುತ್ತದೆ. ಎಲ್ಲಾ ಕಡೆ ಒಂದೇ ಸಮ ಏರಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಡುವಿನ ಸಪ್ತಕ ಜಾಸ್ತಿ ಏರುತ್ತದೆ, ತಳದ ತಂತಿಗಳು ಅಷ್ಟು ಏರುವುದಿಲ್ಲ. ನಿಮ್ಮ ಐದನೇ ಹಾಡಿನಲ್ಲಿ ಎಡಗೈ ಒಂದು ಊರಲ್ಲಿದೆ, ಬಲಗೈ ಇನ್ನೊಂದು ಊರಲ್ಲಿದೆ. ಆದರೂ ಮಾಂಡೊಗೆ ಅದು ಒಪ್ಪಿದೆ ಅನ್ನಿ. ಗೋವೆಯ ಹಳೇ ಮನೆಗಳ ಪಿಯಾನೊಗಳೆಲ್ಲ ಹೀಗೇ ಇರುತ್ತವೆ. ಆರರ ನಡೆಯನ್ನು ನೀವು ನಿಧಾನಕ್ಕೆ ತೂಗಿದ್ದು ಇಷ್ಟವಾಯಿತು. ತುಂಬ ಜನ ಮಾಂಡೊ ಅಂತ ಹೇಳಿ ವೇಗದ ದುಲ್ಪೊದ್ ಓಡಿಸುತ್ತಾರೆ.

ತೇವ ಆರಲು ಒಳಗೆ ಬಲ್ಬ್ ಇಟ್ಟಿದ್ದೀರಾ?

ಬೈತಖೋಲದ_ಅಕ್ಕೋರು

ಇಟ್ಟಿದ್ದೇನೆ. ಪಿಯಾನೊ ತಂದದ್ದೂ ಮಡಗಾಂವಿನಿಂದಲೇ. ಒಬ್ಬರು ಅಜ್ಜ ಮನೆ ಖಾಲಿ ಮಾಡುತ್ತಿದ್ದರು. ಕಾಳಿ ನದಿಯ ಹಳೆ ಸೇತುವೆ ಬೀಳುವ ಹಿಂದಿನ ವರ್ಷ, 2023ರಲ್ಲಿ, ಟೆಂಪೋದಲ್ಲಿ ತಂದೆವು. ಗಡಿಯ ತಪಾಸಣೆಯಲ್ಲಿ ಕೆಳಗಿನ ಹಲಗೆ ಬಿಚ್ಚಿಸಿದರು. ಗೋವೆಯಿಂದ ಇಷ್ಟು ದೊಡ್ಡ ಪೆಟ್ಟಿಗೆ ಬಂದರೆ ಒಳಗೆ ಏನಿರುತ್ತದೆ ಅಂತ ಅವರಿಗೂ ಅನುಮಾನ ಬರಬೇಕಲ್ಲ. ಬಾಟಲಿ ಸಿಗಲಿಲ್ಲ, ಒಂದು ಇಲಿಗೂಡು ಸಿಕ್ಕಿತು. ಒಬ್ಬರು 'ಏನಾದರೂ ಬಾರಿಸಿ' ಅಂದರು. ರಸ್ತೆ ಬದಿ, ಟೆಂಪೋ ಮೇಲೆ ನಿಂತು ನಾಲ್ಕು ಸಾಲು ನುಡಿಸಿದೆ. ಮೊದಲ ಹಾಡಿನ ಪಲ್ಲವಿ ಹುಟ್ಟಿದ್ದು ಅಲ್ಲಿ.

ಕೊಟ್ಟವರೇ ಬಲ್ಬ್ ಉಪಾಯ ಹೇಳಿದ್ದು. 9 ವ್ಯಾಟಿನ ಎಲ್‌ಇಡಿ ಹಾಕಿದ್ದೇನೆ.

ಬಿರಡೆ_ತಿರುಗಿಸುವವ

ಅಯ್ಯೋ ದೇವರೇ. ಬೆಳಕು ಬೇಕಾಗಿರುವುದು ಇಲಿಗೆ. ಪಿಯಾನೊಗೆ ಬೇಕಾದ್ದು ಬಿಸಿ. ಎಲ್‌ಇಡಿ ತೆಗೆಯಿರಿ, ಹಳೆ ಕಾಲದ ತಂತಿ ಬಲ್ಬ್ ಹುಡುಕಿ. 25 ವ್ಯಾಟ್ ಸಾಕು. ಮರಕ್ಕೂ ಬಟ್ಟೆಗೂ ತಾಗದ ಹಾಗೆ ಕೆಳಗಡೆ ಕೂರಿಸಿ, ಸುತ್ತ ತಂತಿ ಬಲೆ ಹಾಕಿ. ಟ್ಯೂನ್ ಮಾಡಲು ಈಗ ಬರುವುದಿಲ್ಲ, ಮಳೆಯಲ್ಲಿ ಮಾಡಿದರೆ ದುಡ್ಡು ದಂಡ. ಮಳೆ ನಿಂತು ಮೂರು ವಾರ ಬಿಟ್ಟು ಹೇಳಿ.

ಅಂಕೋಲೆಯವ | ಸೋಮವಾರ ರಾತ್ರಿ

ಎಲ್ಲರೂ ಶ್ರುತಿ, ಬಲ್ಬ್ ಅಂತ ಮಾತಾಡುತ್ತಿದ್ದೀರಿ. ಆರನೇ ಹಾಡಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಾನು ಬಿಡುತ್ತೇನೆ.

ಅಕ್ಕೋರೇ, ಆ ಅಜ್ಜಿಯ ಹೆಸರು ಎಲ್ಲಿದೆ? ಕೇಳಲು ಇಟ್ಟ ಜಾಗದಲ್ಲಿ 'ಬರೆದವರು' ಅನ್ನುವಲ್ಲಿ ನಿಮ್ಮ ಹೆಸರಿದೆ. 'ಹಾಡಿದವರು' ಅನ್ನುವಲ್ಲೂ ನಿಮ್ಮದೇ ಇದೆ. ಅಜ್ಜಿ ಎಲ್ಲೂ ಇಲ್ಲ. ಹಾಡು ಬಿಡುಗಡೆ ಮಾಡುತ್ತೇನೆ ಅಂತ ಅವರನ್ನು ಕೇಳಿದ್ದೀರಾ?

ನಮ್ಮೂರ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಅವರ ಹಾಗೇ ತಲೆ ತುಂಬ ಹಾಡು ಇಟ್ಟುಕೊಂಡು ಬಸಳೆ, ಹರಿವೆ ಮಾರುತ್ತಾ ಬದುಕಿದವರು ಎಷ್ಟೋ ಜನ. ಯಾರೋ ಬರುತ್ತಾರೆ, ಫೋನ್ ಹಿಡಿಯುತ್ತಾರೆ, 'ಒಂದು ಹಾಡು ಹೇಳಿ ಅಜ್ಜಿ' ಅನ್ನುತ್ತಾರೆ. ಆಮೇಲೆ ಅದು ಎಲ್ಲೆಲ್ಲಿಗೋ ಹೋಗುತ್ತದೆ. ಜನಪದ ಹಾಡಿಗೆ ಕಾಪಿರೈಟ್ ಇಲ್ಲ ಅಂತ ನೀವು ಹೇಳಬಹುದು. ಹಾಡಿಗೆ ಇಲ್ಲದಿದ್ದರೂ ಹಾಡಿದವರಿಗೆ ಹಕ್ಕು ಇದೆ. ನಮ್ಮ ಕಾಯ್ದೆಯಲ್ಲೇ ಪ್ರದರ್ಶಕರ ಹಕ್ಕು 50 ವರ್ಷ. ಜೋರಾಗಿ ಹೇಳಿದೆ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಹೇಳಿದ್ದನ್ನು ವಾಪಸ್ ತಗೊಳ್ಳುವುದಿಲ್ಲ.

ಅಪ್ಪೆಮಿಡಿ

ಪಾಪ ಅಕ್ಕೋರು ದುಡ್ಡು ಮಾಡಲು ಹೊರಟವರಲ್ಲ ಮಾರಾಯ.

ಅಂಕೋಲೆಯವ

ದುಡ್ಡು ಬಂದರೆ ಮಾತ್ರ ಹೆಸರು ಹಾಕಬೇಕು ಅಂತ ಎಲ್ಲಿದೆ?

ಸದಾಶಿವಗಡ_ಸೌಂಡು

ಅಂಕೋಲೆಯವರು ಹೇಳಿದ್ದು ಸರಿ. ದುಡ್ಡಿನ ಮಾತು ಹೇಳುವುದಾದರೆ, ಬರುವುದೂ ಅಷ್ಟರಲ್ಲೇ ಇದೆ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1000 ಸಲ ಓಡದಿದ್ದರೆ ಅದಕ್ಕೆ ಬಿಡಿಗಾಸೂ ಕೊಡುವುದಿಲ್ಲ. ನಮ್ಮಂಥವರು ಹಾಡು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲೂ ಇಡುವುದು ಒಳ್ಳೆಯದು. ಅಲ್ಲಿ ಡಿಜಿಟಲ್ ಮಾರಾಟದಲ್ಲಿ 15% ಅವರಿಗೆ, ಅದರ ಮೇಲೆ ಹಣ ಪಾವತಿಯ ಖರ್ಚು, ಉಳಿದದ್ದು ನಮಗೆ. ಹತ್ತು ಜನ ನೂರು ರೂಪಾಯಿ ಕೊಟ್ಟು ಕೊಂಡರೆ ಕೈಗೆ ಏನಾದರೂ ಸಿಗುತ್ತದೆ. ಸಿಕ್ಕಿದ್ದನ್ನು ಅಜ್ಜಿ ಜೊತೆ ಹಂಚಿಕೊಳ್ಳಬಹುದು. ಆದರೆ ಮೊದಲು ಕೇಳಿ.

ಬೈತಖೋಲದ_ಅಕ್ಕೋರು

ಕೇಳಲು ಇಟ್ಟಿದ್ದ ಹಾಡು ತೆಗೆದುಬಿಟ್ಟಿದ್ದೇನೆ, ಎಂಟನ್ನೂ. ರೆಕಾರ್ಡ್ ಮಾಡಬಹುದಾ ಅಂತ ಕೇಳಿದ್ದೆ. ಬಿಡುಗಡೆ ಮಾಡಬಹುದಾ ಅಂತ ಕೇಳಿರಲಿಲ್ಲ. ಕೇಳಿ ಬರುತ್ತೇನೆ.

ಬೈತಖೋಲದ_ಅಕ್ಕೋರು | ಮುಂದಿನ ಭಾನುವಾರ

ಅಜ್ಜಿ ಈ ವಾರ ಕಾರವಾರಕ್ಕೆ ಬಂದಿರಲಿಲ್ಲ, ಕಾಲುನೋವು. ಪಕ್ಕದಲ್ಲಿ ಕೂರುವವರ ಹತ್ತಿರ ದಾರಿ ಕೇಳಿಕೊಂಡು ನಿನ್ನೆ ಅಂಕೋಲೆ ಕಡೆ ಅವರ ಕೇರಿಗೆ ಹೋದೆ. ಅಂಗಳದಲ್ಲಿ ಕೂತು ಗೆಣಸು ಆರಿಸುತ್ತಿದ್ದರು. ನಾನು ಯಾರು ಅಂತ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. 'ಹರಿವೆ ಸೊಪ್ಪು ಚೌಕಾಸಿ ಮಾಡೋ ಅಕ್ಕೋರು' ಅಂತ ನೆನಪಾಯಿತು.

ಇಯರ್‌ಫೋನ್ ಒಂದು ಕಿವಿಗೆ ಅವರಿಗೆ, ಇನ್ನೊಂದು ಅವರ ಮೊಮ್ಮಗಳಿಗೆ ಹಾಕಿ ಆರನೇ ಹಾಡು ಕೇಳಿಸಿದೆ. ಅಜ್ಜಿ ಗೆಣಸು ಕೆಳಗಿಟ್ಟು ಕಣ್ಣು ಮುಚ್ಚಿದರು. ನನಗೆ ಎದೆ ಡವಡವ. ಮೆಚ್ಚಿದರು ಅಂದುಕೊಂಡೆ. ಮುಗಿದ ಮೇಲೆ ಇಯರ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು ಹೇಳಿದರು: 'ನಿನ್ನ ಪೆಟ್ಟಿಗೆ ನನ್ನ ಮಾತಿಗೆ ಅಡ್ಡ ಬತ್ತದೆ.'

ಮೂರು ವರ್ಷ ಕೂತು ಮಾಡಿದ ಕಾರ್ಡುಗಳು! ಒಂದು ಸಾಲು ಮುಗಿಯುವಲ್ಲಿ ಅಜ್ಜಿ ಉಸಿರು ತೆಗೆದುಕೊಳ್ಳುತ್ತಾರೆ. ಆ ಉಸಿರಿನ ಜಾಗ ಖಾಲಿ ಇದೆ ಅಂತ ನಾನು ಅಲ್ಲೆಲ್ಲ ಸ್ವರ ತುಂಬಿದ್ದೆ. ಅದನ್ನೇ ಅವರು ಬೆರಳು ಮಡಚಿ ಮಡಚಿ ತೋರಿಸಿದರು, ಇಲ್ಲಿ, ಇಲ್ಲಿ, ಇಲ್ಲಿ. ಮೊಮ್ಮಗಳು ನಕ್ಕುಬಿಟ್ಟಳು.

ಬಿಡುಗಡೆ ಮಾಡಬಹುದಾ ಅಂತ ಕೇಳಿದೆ. ಮಾಡು ಅಂದರು. ದುಡ್ಡು ಬಂದರೆ ಅರ್ಧ ನಿಮಗೆ ಅಂದೆ. ಬಂದಾಗ ನೋಡುವಾ, ಈಗ ಗೆಣಸು ತಗೊಂಡು ಹೋಗು ಅಂದರು. ಎರಡು ಕಿಲೋ ತಗೊಂಡೆ, ಈ ಸಲ ಚೌಕಾಸಿ ಮಾಡಲಿಲ್ಲ. ಹೆಸರು ಹಾಕುತ್ತೇನೆ ಅಂದಾಗ ಮಾತ್ರ ತಡೆದರು. 'ನನ್ನದು ಹಾಕು. ಅವ್ವಂದೂ ಹಾಕು. ಹಾಡು ಅವಳದ್ದು, ನಾನು ಬರೀ ಹೇಳ್ದೆ' ಅಂದರು. ಅವರ ಅವ್ವ ತೀರಿಕೊಂಡು ಎಷ್ಟೋ ಕಾಲ ಆಗಿದೆ.

ರಾತ್ರಿ ಬಂದು ಫಾರಂ ತೆರೆದೆ. 'ಬರೆದವರು' ಖಾನೆಯಲ್ಲಿ ನನ್ನ ಹೆಸರು ಅಳಿಸಿ ಅವ್ವನ ಹೆಸರು ತುಂಬಿದೆ. 'ಹಾಡಿದವರು' ಅಜ್ಜಿ. ಪಿಯಾನೊ ಅನ್ನುವ ಕಡೆ ನಾನು. ಆಮೇಲೆ ಆರನೇ ಹಾಡು ತೆರೆದು ಆ 40 ಸೆಕೆಂಡಿನ ಪಿಯಾನೊ ಪೂರ್ತಿ ತೆಗೆದೆ. ಅವರು ಮುಗಿಸಿದ ಮೇಲೆ ಒಂದು ಉಸಿರು ಬಿಟ್ಟು ನಾನು ಶುರು ಮಾಡುತ್ತೇನೆ.

ಅಲ್ಲಿಂದ ಕೈ ನಿಲ್ಲಲಿಲ್ಲ. ಮೂರನೆಯದರಲ್ಲಿ ಪೆಡಲ್ ಬಿಟ್ಟೆ, ಎಡಗೈ ಷಡ್ಜ ಪಂಚಮಕ್ಕೆ ಕಟ್ಟಿಹಾಕಿದೆ. ಎಂಟನೆಯದರಲ್ಲಿ ಗಾಂಧಾರ ತೆಗೆದೆ. ಶಿರಸಿ ಅಕ್ಕ, ಈಗ ತಂಬೂರಿಯ ಗಾಂಧಾರ ಕೇಳುತ್ತದೆ. ಪಿಯಾನೊದ ಸ ಮತ್ತು ಪ ಮನೆಗಳನ್ನು ಸದ್ದಾಗದ ಹಾಗೆ ಒತ್ತಿ ಹಿಡಿದರೆ, ತಂಬೂರಿ ನುಡಿದಾಗ ಆ ತಂತಿಗಳೂ ತಾವಾಗಿ ಸಣ್ಣಗೆ ಮಿಡಿಯುತ್ತವೆ. ಅದನ್ನೇ ಇಟ್ಟುಕೊಂಡಿದ್ದೇನೆ. ಮಿಕ್ಸ್ ಮತ್ತೆ ಏರಿಸಿದ್ದೇನೆ, ಕೇಳಿ.

ಶಿರಸಿ_ತಂಬೂರಿ

ಕೇಳಿದೆ. ನಿಷಾದ (ನಿ) ಒಂದು ಕಡೆ ಇನ್ನೂ ಚುಚ್ಚುತ್ತದೆ, ನಾಲ್ಕನೇ ನಿಮಿಷ. ಉಳಿದದ್ದು ಚೆನ್ನಾಗಿದೆ ತಂಗಿ. ಮಕ್ಕಳಿಗೂ ಕೇಳಿಸಿದೆ.

ಕಪ್ಪು_ಮೂರು

ಬಿಡ್ತಿಗೆ ಈಗ ಕೇಳುತ್ತದೆ. ನಿಮ್ಮ ಮಾವನ ಮಗನಿಗೆ ನಮಸ್ಕಾರ ಹೇಳಿ. ಇದನ್ನು ಯಕ್ಷಗಾನ ಅಂತ ಮಾತ್ರ ಎಲ್ಲೂ ಬರೆಯಬೇಡಿ, ಮತ್ತೆ ಜಗಳಕ್ಕೆ ಬರುತ್ತೇನೆ.

ಅಂಕೋಲೆಯವ

ಎರಡು ಹೆಸರೂ ನೋಡಿದೆ. ಗೆಣಸು ಬೇಯಿಸುವಾಗ ಉಪ್ಪು ಸ್ವಲ್ಪ ಮುಂದಾಗಲಿ.

ಅಪ್ಪೆಮಿಡಿ

ಎಲ್ಲಾ ಆಯಿತು, ಜಾನರ್ ಏನು ಒತ್ತಿದಿರಿ ಅದನ್ನು ಹೇಳಿ. ನಾನು ವಾರದಿಂದ ಕಾಯುತ್ತಿದ್ದೇನೆ.

ಬೈತಖೋಲದ_ಅಕ್ಕೋರು

ಪಾಪ್. ಪಟ್ಟಿಯಲ್ಲಿ ಕಲಸುಮೇಲೋಗರ ಇರಲಿಲ್ಲ.

ಬಿರಡೆ_ತಿರುಗಿಸುವವ

ಬಲ್ಬ್?

ಬೈತಖೋಲದ_ಅಕ್ಕೋರು

ನಾಲ್ಕು ಅಂಗಡಿ ತಿರುಗಿದೆ. ತಂತಿ ಬಲ್ಬ್ ಈಗ ಯಾರೂ ಇಡುವುದಿಲ್ಲವಂತೆ. ಐದನೇ ಅಂಗಡಿಯವರು ಅಟ್ಟದಿಂದ ಧೂಳು ಹಿಡಿದ ಒಂದನ್ನು ಇಳಿಸಿ, ಒರೆಸಿ, ಹೊತ್ತಿಸಿ ತೋರಿಸಿ ಕೇಳಿದರು: 'ಕೋಳಿಮರಿ ಎಷ್ಟು ಇವೆ?'